ಫಲಕದ ನಾಲ್ಕು ಸ್ಕ್ರೂಗಳು

ಡಿಸೆಂಬರ್ ಹನ್ನೊಂದು, ಬೆಳಿಗ್ಗೆ ಎಂಟು ಇಪ್ಪತ್ತು. ಠಾಣೆಯ ಕಸ ಇನ್ನೂ ಗುಡಿಸಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಪಾಲಿಶ್ ಡಬ್ಬಿ ಹಿಡಿದು ಬಂದು ಮೇಜಿನ ಮುಂದೆ ನಿಂತರು.

"ನಮ್ಮಣ್ಣನ ಫಲಕ ಕದ್ದಿದ್ದಾರೆ" ಎಂದರು.

ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯವರು ಇಟ್ಟ ಹೆಸರು 'ಸವಿವರ'. ಪಂಚನಾಮೆ ಬರೆಯಲು ಕೂತರೆ ಕಂಬದ ಮೇಲಿನ ಕಾಗೆಯನ್ನೂ ಆತ ಬಿಡುತ್ತಿರಲಿಲ್ಲ. "ಕಾಗೆಯ ಸಹಿ ತಗೊಂಡ್ಯೇನಪ್ಪಾ?" ಎಂದು ಇನ್‌ಸ್ಪೆಕ್ಟರ್ ವಾರಕ್ಕೊಮ್ಮೆಯಾದರೂ ಕಿಚಾಯಿಸುತ್ತಿದ್ದರು. ಆತ ನಗುತ್ತಿರಲಿಲ್ಲ. ಈಗಲೂ ಹೊಸ ಹಾಳೆ ತೆಗೆದು, "ನಿಧಾನವಾಗಿ ಹೇಳಿ ಅಮ್ಮಾ" ಎಂದ.

ಅವರ ಅಣ್ಣ ವಾಯುಪಡೆಯ ಪೈಲಟ್. ಐವತ್ತನಾಲ್ಕು ವರ್ಷದ ಹಿಂದೆ ಯುದ್ಧ ನಡೆಯುತ್ತಿದ್ದಾಗ, ಊರಾಚೆಯ ವಿಮಾನ ಮೈದಾನದಿಂದ ತರಬೇತಿಗೆ ಹಾರಿದ್ದರು. ಡಿಸೆಂಬರ್ ಹನ್ನೆರಡು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಕೆಳಕ್ಕೆ ಧುಮುಕಿದ ವಿಮಾನ ಮತ್ತೆ ಮೇಲೇಳದೆ ನೆಲಕ್ಕೆ ಬಡಿದು ಸುಟ್ಟುಹೋಯಿತು. ಅವರಿಗೆ ಇಪ್ಪತ್ತಮೂರು. ಪೈಲಟ್‌ನ ಅಜಾಗರೂಕತೆಯೇ ಕಾರಣ ಎಂದು ವಿಚಾರಣೆಯಲ್ಲಿ ಬರೆದರು. ಹಾಗಾಗಿ ಚೌಕದಲ್ಲಿ ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಗೋಡೆಯ ಮೇಲೆ ಅವರ ಹೆಸರಿಲ್ಲ. ತಾಯಿಯೇ ಮೈದಾನದ ಅಂಚಿನಲ್ಲಿ ಕಲ್ಲು ನಿಲ್ಲಿಸಿ ಹಿತ್ತಾಳೆ ಫಲಕ ಹಾಕಿಸಿದ್ದರು.

"ಪ್ರತಿ ವರ್ಷ ಹನ್ನೊಂದರ ಸಂಜೆ ಹೋಗಿ ಉಜ್ಜಿ ಬರ್ತೀನಿ. ಈ ಸಲ ಮಂಡಿನೋವು ಅಂತ ಬೆಳಿಗ್ಗೆನೇ ಹೋದೆ. ಬರೀ ಕಲ್ಲಿದೆ." ಅವರು ಪಾಲಿಶ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಗೋಡೆ ಮೇಲೆ ಅವನ ಹೆಸರು ಬರೆಸಿ ಅಂತ ನಲವತ್ತು ವರ್ಷದಿಂದ ಅರ್ಜಿ ಹಾಕ್ತಿದೀನಿ. ಹೊಸ ಸಾಕ್ಷಿ ತನ್ನಿ ಅಂತಾರೆ. ಸುಟ್ಟ ವಿಮಾನದಿಂದ ಏನ್ ಸಾಕ್ಷಿ ತರ್ಲಿ? ಇದ್ದದ್ದು ಅದೊಂದು ಫಲಕ."

ಎಂಟು ಐವತ್ತಕ್ಕೆ ಎಫ್‌ಐಆರ್ ಆಯಿತು. ಗುಜರಿ ಕಳ್ಳರ ಕೆಲಸವೆಂದು ಇನ್‌ಸ್ಪೆಕ್ಟರ್ ಒಬ್ಬ ಕಾನ್‌ಸ್ಟೆಬಲನನ್ನು ಗುಜರಿ ಅಂಗಡಿಗಳಿಗೆ ಅಟ್ಟಿದರು.

ಒಂಬತ್ತು ಮೂವತ್ತೈದಕ್ಕೆ ಇನ್‌ಸ್ಪೆಕ್ಟರ್, ಸವಿವರ, ಹೆಂಗಸು ಮೂವರೂ ಸ್ಥಳ ತಲುಪಿದರು. ವಿಮಾನಗಳು ಓಡಿದ್ದ ಸಿಮೆಂಟು ಹಾದಿ ಈಗ ಡ್ರೈವಿಂಗ್ ಸ್ಕೂಲಿನ ಪಾಲಾಗಿದೆ. ಕಲಿಯುವವರ ಕಾರೊಂದು ಹಿಂದಕ್ಕೆ ಹಿಂದಕ್ಕೆ ತೆವಳುತ್ತಿತ್ತು. ಆ ಬಯಲಿನಲ್ಲಿ ನಿಂತರೆ ಯಾರಾದರೂ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ. ಇನ್‌ಸ್ಪೆಕ್ಟರೂ ನೋಡಿದರು. ಏನೂ ಇರಲಿಲ್ಲ.

"ಇಲ್ಲಿ ಯಾರನ್ನಾದ್ರೂ ನೋಡಿದ್ರಾ?" ಎಂದು ಡ್ರೈವಿಂಗ್ ಸ್ಕೂಲಿನವನನ್ನು ಕೇಳಿದರು.

"ನಿನ್ನೆ ಸಂಜೆ ಒಬ್ಬ ಮುದುಕರು ಸೈಕಲ್ ನಿಲ್ಸಿದ್ರು ಸಾರ್. ಆಗಾಗ ಬಂದು ಕಲ್ಲಿನ ಹತ್ರ ಕೂರ್ತಾರೆ. ಕಳ್ಳರ ಥರ ಕಾಣಲ್ಲ."

"ಕಳ್ಳರು ಹಣೆ ಮೇಲೆ ಬರ್ಕೊಂಡು ಬರ್ತಾರೇನ್ರೀ?"

ಅಷ್ಟರಲ್ಲಿ ಸವಿವರ ಕಲ್ಲಿನ ಮುಂದೆ ಮಂಡಿಯೂರಿ ಅಳತೆ ತೆಗೆಯುತ್ತಿದ್ದ. ಬರೆದು ಮುಗಿಸಿ ಎಲ್ಲರೆದುರು ಓದಿದ: "ಫಲಕವಿದ್ದ ಜಾಗದಲ್ಲಿ ನಾಲ್ಕು ರಂಧ್ರಗಳು. ಬಿಚ್ಚಿದ ನಾಲ್ಕೂ ಸ್ಕ್ರೂಗಳನ್ನು ಆಯಾ ರಂಧ್ರದಲ್ಲೇ ಎರಡೆರಡು ಸುತ್ತು ತಿರುಗಿಸಿ ನಿಲ್ಲಿಸಲಾಗಿದೆ..."

ಹೆಂಗಸು ಕಲ್ಲನ್ನು ಹಿಡಿದುಕೊಂಡರು.

"ಏನಾಯ್ತಮ್ಮ?" ಎಂದರು ಇನ್‌ಸ್ಪೆಕ್ಟರ್.

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ. ಹೇಳಿ."

"ನಮ್ಮ ಹೊಲಿಗೆ ಮಿಶಿನ್ ಬಿಚ್ಚಿದಾಗ ಮಿಶಿನಣ್ಣ ಹೀಗೇ ಮಾಡ್ತಾರೆ. ಸ್ಕ್ರೂ ಜೇಬಿಗೆ ಹಾಕ್ಬಾರ್ದು, ಅದರ ಮನೇಲೇ ಎರಡು ಸುತ್ತು ನಿಲ್ಲಿಸ್ಬೇಕು ಅಂತಾರೆ. ವಿಮಾನದ ಕೆಲಸದಲ್ಲಿ ಕಲ್ತಿದ್ದು." ಅವರು ಗಾಬರಿಯಿಂದ ತಲೆಯಾಡಿಸಿದರು. "ಆದ್ರೆ ಅವರಲ್ಲ ಸಾರ್. ನಮ್ಮಣ್ಣನ ವಿಮಾನ ನೋಡ್ಕೊಳ್ತಿದ್ದ ಫಿಟ್ಟರ್ ಅವರು. ಅಣ್ಣ ಹೋದ್ಮೇಲೆ ನನಗೆ ಅಣ್ಣನಾಗಿದ್ದೋರು."

ಆದರೂ ಅವರು ತಾವೇ ದಾರಿ ತೋರಿಸಲು ಜೀಪು ಹತ್ತಿದರು. ಪಂಚನಾಮೆಗೆ ಸಾಕ್ಷಿ ಸಹಿ ಹಾಕುವ ಪಂಚನಾಗಿ ಡ್ರೈವಿಂಗ್ ಸ್ಕೂಲಿನವನೂ ಬಂದ. ಹನ್ನೊಂದು ಹತ್ತಕ್ಕೆ ರಿಪೇರಿ ಅಂಗಡಿ ಮುಟ್ಟಿದರು. ಪಕ್ಕದ ದರ್ಜಿಯನ್ನು ಎರಡನೇ ಪಂಚನಾಗಿ ಕರೆದುಕೊಂಡರು.

ಎಣ್ಣೆ ವಾಸನೆಯ ಇಕ್ಕಟ್ಟು ಕೋಣೆ. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು, ಅದರ ಮೇಲೆ ಆ ಉಪಕರಣವನ್ನೇ ನೇತುಹಾಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಈ ಮುದುಕ ಕುಂಬಳಕಾಯಿಯನ್ನೇ ಮುಂದಿಟ್ಟುಕೊಂಡು ಕೂತಿದ್ದ. ಮೆತ್ತನೆ ಬಟ್ಟೆಯ ಮೇಲೆ ಫಲಕ ಬೋರಲಾಗಿತ್ತು, ಅವನ ಕೈಯಲ್ಲಿ ಚೂಪಾದ ಉಳಿಯಿತ್ತು.

"ಯಾವಾಗ ತಂದ್ರಿ?"

"ನಿನ್ನೆ ಸಂಜೆ ಆರಕ್ಕೆ. ತಂಗಿ ಇವತ್ತು ಸಂಜೆ ಬರೋದ್ರೊಳಗೆ ಹಾಕಿಬಿಡೋನಿದ್ದೆ. ಕೈ ನಡುಗುತ್ತೆ ಸಾರ್. ಅಕ್ಷರ ಮುಗೀಲಿಲ್ಲ." ಬಾಗಿಲಲ್ಲಿ ನಿಂತ ಹೆಂಗಸನ್ನು ಆಗ ನೋಡಿದ. ಉಳಿ ಕೆಳಗಿಟ್ಟ.

"ಮಾಲಿನ ಮೇಲೆ ಇರೋ ಪ್ರತಿ ಗುರುತೂ ಬರೀಬೇಕು" ಎಂದು ಸವಿವರ ಫಲಕದ ಬೆನ್ನನ್ನು ಬೆಳಕಿಗೆ ಹಿಡಿದ. ಹೊಸದಾಗಿ ಕೆತ್ತಿದ್ದನ್ನು ತನ್ನ ಎಂದಿನ ಒಣ ದನಿಯಲ್ಲಿ ಓದಿದ: "ಪೈಲಟ್ ತಪ್ಪಲ್ಲ. ಸ್ಪ್ಯಾನರ್ ಒಳಗೆ ಬಿಟ್ಟವನು ನಾನು. ಎಣಿಸದೆ ಸಹಿ..." ಆಮೇಲೆ ತಾನೇ ಸೇರಿಸಿದ: "ಮುಂದೆ ಬರಹವಿಲ್ಲ."

ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಕೂತರು.

"ಹೇಳಿ."

"ವಿಮಾನ ಬಿಡೋ ಮುಂಚೆ ಇಂಥದ್ದೇ ಹಲಗೆ ನೋಡ್ಬೇಕು. ಎಲ್ಲ ಗುರುತೂ ತುಂಬಿದ್ರೆ ಮಾತ್ರ ಸಹಿ. ಯುದ್ಧದ ಗಡಿಬಿಡಿ, ಒಂಬತ್ತೂವರೆಗೆ ನಾಲ್ಕು ವಿಮಾನ ಮೇಲಿರ್ಬೇಕು ಅಂತ ಹುಕುಂ. ನೋಡ್ದೆ ಸಹಿ ಹಾಕ್ದೆ. ಅವರು ಹಾರಿದ್ಮೇಲೆ ತಿರುಗಿದ್ರೆ ಒಂದು ಗುರುತು ಖಾಲಿ. ಸೀಟಿನ ಕೆಳಗೆ, ವಿಮಾನದ ಮೂತಿ ಎತ್ತೋ ಸರಳಿನ ಹತ್ರ ಸ್ಪ್ಯಾನರ್ ಬಿಟ್ಟಿದ್ದೆ. ಅದು ಸಿಕ್ಕಿಕೊಂಡ್ರೆ ಸರಳು ಅಲುಗಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ಓಡಿದೆ. ಅರ್ಧ ದಾರೀಲಿ ಸದ್ದು ಕೇಳ್ತು."

"ವಿಚಾರಣೆಯಲ್ಲಿ?"

"ಬೇರೆ ಹಲಗೆಯಿಂದ ಒಂದು ಸ್ಪ್ಯಾನರ್ ತಂದು ನೇತುಹಾಕಿದ್ದೆ. ಎಲ್ಲ ಸರಿಯಿತ್ತು ಅಂದೆ. ನಂಗಾಗ ಇಪ್ಪತ್ತೆರಡು ವರ್ಷ ಸಾರ್. ಹೆದರಿಬಿಟ್ಟೆ." ಅವನು ಕೈಗಳನ್ನು ತೊಡೆಯ ನಡುವೆ ಅದುಮಿಕೊಂಡ. "ಈಗ್ಲೂ ದಿನಾ ಒಂಬತ್ತು ನಲವತ್ತಕ್ಕೆ ಈ ಕೋಣೇಲಿ ಏನೋ ಕಬ್ಬಿಣ ಜಾರಿದ ಸದ್ದು ಕೇಳುತ್ತೆ. ಎದ್ದು ನೋಡಿದ್ರೆ ಎಲ್ಲ ಅವುಗಳ ಜಾಗದಲ್ಲೇ ಇರ್ತವೆ."

"ಬೆನ್ನ ಮೇಲೆ ಯಾಕೆ ಕೆತ್ತಿದ್ರಿ? ಅಲ್ಲಿ ಯಾರು ಓದ್ತಾರೆ?"

"ಅದು ಕಲ್ಲಿನ ಕಡೆ ಇರುತ್ತಲ್ಲ ಸಾರ್. ಹೋದ ಪೈಲಟ್ ಸಾಹೇಬರೊಬ್ಬರು ಓದಿದ್ರೆ ಸಾಕು ಅಂತ."

ಆಗ ಹೆಂಗಸು ಒಳಗೆ ಬಂದರು. ದನಿ ಏರಲಿಲ್ಲ.

"ಅಮ್ಮ ಸಾಯೋ ತನಕ ನಮ್ಮನೆಗೆ ಬರ್ತಿದ್ದೆ. ಅವಳು ಕಡೇವರೆಗೂ ನನ್ನ ಮಗ ಅಷ್ಟು ಅಜಾಗರೂಕ ಅಲ್ಲ ಅಂತ ನಿನ್ನ ಮುಂದೇನೇ ಅತ್ತಳು. ಒಂದು ದಿನ ಬಾಯಿ ಬಿಡಬಹುದಿತ್ತಲ್ಲ?"

"ಪ್ರತಿ ಸಲ ಹೇಳೋಕೇ ಬರ್ತಿದ್ದೆ ತಂಗಿ. ಮಿಶಿನ್ ರಿಪೇರಿ ಮಾಡಿ ಹೋಗ್ತಿದ್ದೆ."

ಇನ್‌ಸ್ಪೆಕ್ಟರ್‌ಗೆ ಸಂಕಟವಾಯಿತು. ಎಪ್ಪತ್ತಾರರ ಮುದುಕ, ಕದ್ದ ಮಾಲು ಸಿಕ್ಕಿದೆ. "ನಿಮಗೆ ಕೇಸು ಮುಂದುವರಿಸೋದು ಬೇಡ ಅಂದ್ರೆ ಅದಕ್ಕೂ ದಾರಿ ಇದೆ ಅಮ್ಮಾ" ಎಂದರು.

"ಬೇಡ. ಕೇಸು ನಡೀಲಿ. ಈಗ ಓದಿದ್ರಲ್ಲ, ಅದು ಕಾಗದದ ಮೇಲೆ ಬರಲಿ, ಕೋರ್ಟಲ್ಲಿ ಓದಲಿ. ಹೊಸ ಸಾಕ್ಷಿ ತನ್ನಿ ಅಂದಿದ್ರಲ್ಲ, ತಗೊಂಡು ಹೋಗ್ತೀನಿ."

ಮುದುಕ ತಲೆಯಾಡಿಸಿದ. "ಬರ್ಕೊಳ್ಳಿ ಸಾರ್. ಒಂದೂ ಬಿಡಬೇಡಿ" ಎಂದ. ಅಷ್ಟು ವರ್ಷ ಅವನನ್ನು ಆಡಿಸಿದ್ದು ಬರೀ ಹೆದರಿಕೆ. ಅದು ಇಳಿದಾಗ ಅವನ ಮುಖ ಜ್ವರ ಬಿಟ್ಟವನಂತೆ ಸೋತು ಹೋಗಿತ್ತು. ಹನ್ನೆರಡು ಐದಕ್ಕೆ ದಸ್ತಗಿರಿ ಮಾಡಿದರು. ಕೋಳ ತೊಡಿಸಲಿಲ್ಲ.

ಸವಿವರ ಗೋಡೆಯ ಹಲಗೆಯ ಮುಂದೆ ನಿಂತು ತಡವರಿಸಿದ. "ಸಾರ್, ಇಲ್ಲೊಂದು ಸ್ಪ್ಯಾನರಿನ ಗುರುತು ಖಾಲಿ ಇದೆ. ಬಣ್ಣ ಹಳೇದು, ಮೊಳೆಯಲ್ಲಿ ಏನನ್ನೂ ನೇತುಹಾಕಿದ ಸವೆತವಿಲ್ಲ. ಬರೀಲಾ?"

ಆ ದಿನ ಇನ್‌ಸ್ಪೆಕ್ಟರ್ ಕಿಚಾಯಿಸಲಿಲ್ಲ. "ಬರಿ" ಎಂದರು.

ಆತ ಬರೆದ: ಗುರುತುಗಳು ಹದಿನೆಂಟು, ಉಪಕರಣಗಳು ಹದಿನೇಳು. ಪಂಚರು ಸಹಿ ಹಾಕಿದರು. ಮಾಲು ಗುರುತಿಸಿದ್ದಕ್ಕೆ ಸಹಿ ಹಾಕಿ ಎಂದು ಪೆನ್ನು ಕೊಟ್ಟಾಗ ಹೆಂಗಸು ಹಾಕಲಿಲ್ಲ. ಹಲಗೆಯ ಹತ್ತಿರ ಹೋಗಿ, ಒಂದೊಂದೇ ಉಪಕರಣವನ್ನು ಬೆರಳಿನಿಂದ ಮುಟ್ಟುತ್ತ ಹದಿನೇಳರವರೆಗೂ ಎಣಿಸಿದರು. ಖಾಲಿ ಗುರುತಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟರು. ಆಮೇಲೆ ಬಂದು ಸಹಿ ಹಾಕಿದರು.