ಬುಟ್ಟಿಯ ತಳದ ಮೂರು ರೊಟ್ಟಿ

"ಹುಲಗೆಮ್ಮಾ, ಇವತ್ತಿನ ಕಟ್ಟಿನಾಗ ಎರಡು ರೊಟ್ಟಿಗೆ ಬೂಸ್ಟು ಹಿಡಿದೈತಿ! ಉಣ್ಣಾಕ ಕುಂತವರ ಮುಂದ ನನ್ನ ಮಾನ ಹೋತು."

ಫೋನು ಸ್ಪೀಕರಿನಲ್ಲಿತ್ತು. ಅವ್ವನ ಎರಡೂ ಕೈ ಜೋಳದ ಹಿಟ್ಟಾಗಿದ್ದರಿಂದ ಅನುಷಾ ಅದನ್ನು ಹಿಡಿದು ನಿಂತಿದ್ದಳು. ಮಾತಾಡುತ್ತಿದ್ದವರು ಸರ್ದಾರಬೀ. ಕೊಪ್ಪಳದಲ್ಲಿ ಅವರದೊಂದು ಖಾನಾವಳಿ. ಯಲಬುರ್ಗಾದಿಂದ ದಿನಾ ಮುಂಜಾನೆ ಬಸ್ಸಿನಲ್ಲಿ ಅವರಿಗೆ ಐವತ್ತು ಕಡಕ್ ರೊಟ್ಟಿ ಹೋಗುತ್ತಿತ್ತು.

"ತಪ್ಪಾತ್ರಿ ಅಕ್ಕಾರ. ಇನ್ನೊಮ್ಮೆ ಹಂಗ ಆಗೂದಿಲ್ರಿ."

"ಇನ್ನೊಮ್ಮೆ ಆದ್ರ ನಾ ಬ್ಯಾರೆ ಕಡೆ ನೋಡ್ಕೋತೀನವಾ. ಸಿಟ್ಟಾಗಬ್ಯಾಡ."

ಫೋನು ಕಟ್ಟಾಯಿತು. ಅವ್ವ ಕೂಲಿ ಬಿಟ್ಟು ಈ ಕೆಲಸ ಹಿಡಿದು ಆರು ತಿಂಗಳಾಗಿತ್ತಷ್ಟೆ. ಸರ್ದಾರಬೀ ಕೈಬಿಟ್ಟರೆ ಮತ್ತೆ ಉರಿಬಿಸಿಲಲ್ಲಿ ಯಾರದೋ ಹೊಲದ ಕಳೆ ಕೀಳಲು ಹೋಗಬೇಕು. ಅದು ಅನುಷಾಳಿಗೂ ಗೊತ್ತಿತ್ತು.

"ದಿನಾ ಹೊಸಾ ರೊಟ್ಟಿನ ಕಳಸ್ತೀನಿ. ಬೂಸ್ಟು ಎಲ್ಲಿಂದ ಬಂತು?" ಅವ್ವ ತಲೆ ಕೆಡಿಸಿಕೊಂಡಳು.

ಅನುಷಾ ಫೋನು ಕೆಳಗಿಟ್ಟಳು. ಮುಂಜಾನೆ ಕಟ್ಟು ಕಟ್ಟಿದವಳು ಅವಳೇ. ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಎಣಿಸಿದರೆ ಎರಡು ಕಡಿಮೆ. ಗಡಿಬಿಡಿಯಲ್ಲಿ ಬುಟ್ಟಿಯ ತಳಕ್ಕೆ ಕೈ ಹಾಕಿ ಎರಡು ಎಳೆದುಕೊಂಡಿದ್ದಳು.

ಈಗ ಬಗ್ಗಿ ನೋಡಿದಳು. ತಳದಲ್ಲಿ ಯಾವಾಗಲೂ ಇರುವ ಮೂರರಲ್ಲಿ ಒಂದೇ ಉಳಿದಿತ್ತು. ಅದರ ಅಂಚು ಹಸಿರಾಗಿತ್ತು.

"ಅವ್ವಾ, ಅವು ಅಜ್ಜಿ ಇಟ್ಟಿದ್ದ ರೊಟ್ಟಿ. ನಾನ ಹಾಕೀನಿ," ಎಂದಳು. ಅಳು ಬಂದೇಬಿಟ್ಟಿತು.

ರೊಟ್ಟಿಯ ಬುಟ್ಟಿ ಎಂದೂ ಬರಿದಾಗಬಾರದು ಎಂಬುದು ಅಜ್ಜಿ ಸಣ್ಣವ್ವನ ಕಟ್ಟಪ್ಪಣೆ. ಅದಕ್ಕೇ ತಳದಲ್ಲಿ ಮೂರು ರೊಟ್ಟಿ ಸದಾ ಇರುತ್ತಿದ್ದವು. ಹೊಸವು ಅವುಗಳ ಮೇಲೆ ಬೀಳುತ್ತಿದ್ದವು, ಮೇಲಿನಿಂದಲೇ ಹೋಗುತ್ತಿದ್ದವು.

"ಎಷ್ಟು ದಿನದ್ದು ಅಜ್ಜಿ ಅವು?"

"ಯಾರಿಗೆ ಗೊತ್ತವಾ? ಪಂಚಮಿಗೆ ಇಟ್ಟಿದ್ನೇನೋ." ನಾಗರಪಂಚಮಿ ಕಳೆದು ತಿಂಗಳಾಗಿತ್ತು. ಅದರ ಮೇಲೆ ಮೊನ್ನೆಯವರೆಗೂ ವಾರಗಟ್ಟಲೆ ಜಿಟಿಜಿಟಿ ಮಳೆ ಬೇರೆ.

"ಇನ್ಮ್ಯಾಲೆ ದಿನಾ ಬುಟ್ಟಿ ಖಾಲಿ ಮಾಡಿ ಒರಸೂದ," ಎಂದಳು ಅವ್ವ.

"ಖಾಲಿ ಬುಟ್ಟಿ ಮನ್ಯಾಗ ಇಟ್ರ ನಾ ನೀರೂ ಕುಡಿಯಂಗಿಲ್ಲ ನೋಡು!" ಅಜ್ಜಿ ಮುಖ ತಿರುಗಿಸಿ ಕೂತಳು. ಅಜ್ಜಿ ಮುನಿಸಿಕೊಂಡರೆ ಅರ್ಧ ಕೆಲಸ ನಿಂತಂತೆಯೇ. ಅವಳಷ್ಟು ತೆಳುವಾಗಿ ರೊಟ್ಟಿ ಬಡಿಯುವವರು ಆ ಓಣಿಯಲ್ಲೇ ಇರಲಿಲ್ಲ.

ಅನುಷಾ ಮೂಗು ಒರೆಸಿಕೊಂಡು ಯೋಚಿಸಿದಳು. ಅಟ್ಟದ ಮೇಲೆ ಇನ್ನೊಂದು ಬುಟ್ಟಿ ಇತ್ತು.

"ಅಜ್ಜಿ, ದಿನಾ ಅವತ್ತಿನ ಮೊದಲ ಮೂರು ರೊಟ್ಟಿ ಇನ್ನೊಂದು ಬುಟ್ಟಿಗೆ ಹಾಕೂಣು. ಆಮ್ಯಾಲೆ ಈ ಬುಟ್ಟಿ ಖಾಲಿ ಮಾಡಿ ಅಂಗಳದಾಗ ಬಿಸಲಿಗೆ ಇಡೂಣು. ಅಂಗಳದಾಗ ಇಟ್ರ ಮನ್ಯಾಗ ಇಟ್ಟಂಗ ಆಗ್ತೈತೇನು?"

ಅಜ್ಜಿ ಮುಖ ಇತ್ತ ತಿರುಗಿಸಿದಳು. "ಮತ್ತ ಹಿಂದಿನ ದಿನದ ಮೂರು?"

"ಅವನ್ನ ಅವತ್ತ ನಾವ ಉಣ್ಣೂದು."

"ಭಾಳ ಶಾಣ್ಯಾಕಿ ಆಗೀದಿ. ವಕೀಲಕಿ ಮಾಡು ಹೋಗು," ಎಂದಳು ಅಜ್ಜಿ. ಆದರೆ ಕೈ ಆಗಲೇ ಹಿಟ್ಟಿಗೆ ಹೋಗಿತ್ತು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಅನುಷಾ ಒಲೆಯ ಪಕ್ಕದ ಗೋಡೆಗೆ ಚಾಕ್‌ಪೀಸಿನಿಂದ ಚಿತ್ರ ಬರೆದಳು. ಮೂರು ರೊಟ್ಟಿ ಇರುವ ಬುಟ್ಟಿ, ಪಕ್ಕದಲ್ಲಿ ಒಂದು ತಾಟು, ಕೊನೆಗೆ ಸೂರ್ಯನ ಕೆಳಗೆ ಬೋರಲು ಬುಟ್ಟಿ. ಸೂರ್ಯ ಥೇಟ್ ಮಿರ್ಚಿ ಭಜಿಯಂತಿದ್ದಾನೆ ಎಂದು ಅವ್ವ ನಕ್ಕಳು.

ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಅನುಷಾ ಮನೆಗೆ ಓಡುತ್ತಿದ್ದಳು. ಅಜ್ಜಿಯ ಬೆನ್ನು ಹತ್ತಿ ಬುಟ್ಟಿ ಬದಲಿಸುವವರೆಗೆ ಬಿಡುತ್ತಿರಲಿಲ್ಲ. ಗೆಳತಿಯರು ಆಡಲು ಕರೆದರೆ "ಡ್ಯೂಟಿ ಐತಿ" ಎನ್ನುತ್ತಿದ್ದಳು. ಮುಂದಿನ ತಿಂಗಳು ಸರ್ದಾರಬೀ ಮತ್ತೆ ಫೋನು ಮಾಡಿದರು. ಈ ಸಲ ಎಂಬತ್ತು ರೊಟ್ಟಿ ಬೇಕಂತೆ!

ಆಮೇಲೊಂದು ದಿನ ಶಾಲೆಯವರು ಖೋಖೋ ಮ್ಯಾಚಿಗೆ ಕುಷ್ಟಗಿಗೆ ಕರೆದುಕೊಂಡು ಹೋದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅನುಷಾಳಿಗೆ ಥಟ್ಟನೆ ನೆನಪಾಯಿತು. ಬುಟ್ಟಿ! ಅಜ್ಜಿಗೆ ಹೇಳಿಯೇ ಬಂದಿರಲಿಲ್ಲ.

ಇಳಿದವಳೇ ಓಡಿದಳು. ಅಂಗಳದಲ್ಲಿ ಒಂದು ಬುಟ್ಟಿ ಬೋರಲಾಗಿ ಬಿದ್ದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಒಳಗೆ ಇನ್ನೊಂದರಲ್ಲಿ ಹೊಸ ರೊಟ್ಟಿಗಳು. ತಾಟಿನಲ್ಲಿ ನಿನ್ನೆಯ ಮೂರು, ಪಕ್ಕದಲ್ಲಿ ಶೇಂಗಾ ಚಟ್ನಿ.

"ಯಾರ್ ನೆನಪು ಮಾಡಿದ್ರು ಅಜ್ಜಿ?"

"ನೆನಪು ಏನ್ ಮಾಡೂದೈತಿ? ದಿನಾ ಮಾಡೂ ಕೆಲಸ. ಕೈ ತೊಳಕೋ, ಉಣ್ಣು ಬಾ."

ತಾನಿಲ್ಲದಿದ್ದರೆ ನಡೆಯುವುದೇ ಇಲ್ಲ ಎಂದುಕೊಂಡಿದ್ದ ಅನುಷಾಳಿಗೆ ಒಂದು ಗಳಿಗೆ ಪಿಚ್ಚೆನಿಸಿತು. ನಿಂತಲ್ಲೇ ಅಜ್ಜಿಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. ಇಬ್ಬರೂ ತಮ್ಮ ಪಾಡಿಗೆ ರೊಟ್ಟಿ ಬಡಿಯುತ್ತಿದ್ದರು. ಅವಳ ಮನಸ್ಸು ಹಗುರಾಯಿತು.

ತಾಟು ಎಳೆದುಕೊಂಡು ಕೂತಳು. "ಅವ್ವಾ, ಮ್ಯಾಚಿನಾಗ ಏನಾತು ಗೊತ್ತೇನು?" ಎಂದು ಶುರು ಮಾಡಿದವಳು ಮೂರೂ ರೊಟ್ಟಿ ಮುಗಿದರೂ ನಿಲ್ಲಿಸಲಿಲ್ಲ.