ಎರಡು ಹತ್ತರ ತಪ್ಪು ಉತ್ತರ

"ನಿಮ್ಮ ಬಾವುಟ ಎದುರು ತಂಡದ ಕೈಗೆ ಹೇಗೆ ಹೋಯ್ತು?"

ತೀರ್ಪುಗಾರ್ತಿ ಕೇಳಿದ್ದು ಮೂವರನ್ನೂ. ನೋಡಿದ್ದು ಮಾತ್ರ ಮೊಬೈಲ್ ರಿಪೇರಿಯವನನ್ನು.

ಅದು ಹ್ಯಾಕಿಂಗ್ ಸ್ಪರ್ಧೆ; ಕಂಪ್ಯೂಟರಿನೊಳಗೆ ಅಡಗಿಸಿಟ್ಟ ಗುಟ್ಟಿನ ಅಕ್ಷರಸಾಲೇ ಬಾವುಟ. ಭೇದಿಸಿ ಒಪ್ಪಿಸಿದವರಿಗೆ ಅಂಕ. ತಂಡಕ್ಕೊಂದು ಬೇರೆ ಸಾಲು ಇಟ್ಟಿರುವುದನ್ನು ಆಟಗಾರರಿಗೆ ಯಾರೂ ಹೇಳಿರಲಿಲ್ಲ. ಎರಡೂಮುಕ್ಕಾಲಿಗೆ ಎದುರು ತಂಡ—ದೊಡ್ಡ ಕಂಪನಿಯೊಂದರ ಹುಡುಗರು—ಒಪ್ಪಿಸಿದ್ದು ಇವರ ಸಾಲನ್ನು!

"ಹುಡುಕಿದ್ದು ಯಾರು?"

"ನಾನೇ. ಎರಡೂವರೆಗೆ. ಬೋರ್ಡ್ ಮೇಲೆ ಬರೆದೆ, ಮೂವರೂ ನೋಡಿದ್ವಿ," ಎಂದ ರಿಪೇರಿಯವನು.

ತಂಡದ ನಾಯಕ ನಿಟ್ಟುಸಿರಿಟ್ಟ. ಕಾಲೇಜು ಮೇಷ್ಟ್ರು, ರಿಪೇರಿಯವನ ಅಕ್ಕನ ಗಂಡ. "ಏನ್ ಹೇಳ್ಲಿ ಮೇಡಂ? ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು. ಯಾರೋ ಆಸೆ ತೋರಿಸಿರ್ತಾರೆ."

ಮೂರನೆಯವಳು, ಕನ್ನಡಕದ ವಿದ್ಯಾರ್ಥಿನಿ, ಕುರ್ಚಿಯನ್ನು ರಿಪೇರಿಯವನಿಂದ ಒಂದು ಗೇಣು ದೂರ ಸರಿಸಿದಳು.

ಅವನ ಮೈಯೆಲ್ಲ ಉರಿಯಿತು. ಗೆದ್ದವರಿಗೆ ಕೆಲಸ—ಸರ್ಟಿಫಿಕೇಟ್ ಕೇಳದೆ ಕೊಡುವ ಕೆಲಸ. ಕಳ್ಳನೆಂದು ಹಣೆಪಟ್ಟಿ ಬಿದ್ದರೆ ಆ ಬಾಗಿಲೂ ಮುಚ್ಚಿತು. ಬೈಗುಳ ನಾಲಿಗೆಯ ತುದಿಗೆ ಬಂತು; ನುಂಗಿಕೊಂಡ. ಕೆಟ್ಟ ಫೋನು ತಂದವರ ಮಾತನ್ನು ಅವನು ಎಂದೂ ನಂಬಿದವನಲ್ಲ. ಬಿಚ್ಚಿ ನೋಡುವುದೇ ರೂಢಿ.

"ಮೇಡಂ, ಅದಕ್ಕಿಂತ ಮುಂಚೆ ಎದುರು ತಂಡದವರು ಕೊಟ್ಟ ತಪ್ಪು ಉತ್ತರಗಳನ್ನ ನೋಡಿದ್ರಾ?"

"ತಪ್ಪು ಉತ್ತರ ಯಾರು ನೋಡ್ತಾರಪ್ಪ?"

"ನೋಡಿ."

ಪಟ್ಟಿ ತೆರೆದವಳ ಹುಬ್ಬು ಗಂಟಿಕ್ಕಿತು. "ಎರಡು ಹತ್ತಕ್ಕೆ ಒಂದು... ಇದು ನಾವು ದಾರಿ ತಪ್ಪಿಸೋಕೆ ಇಟ್ಟ ಹುಸಿ ಬಾವುಟ. ಅದೂ ನಿಮ್ಮ ತಂಡದ್ದೇ!"

"ಎಲ್ಲಿಟ್ಟಿದ್ರಿ?"

"ಫೋಟೋ ಫೈಲಿನೊಳಗೆ. ನಿಮ್ಮಲ್ಲಿ ಅದನ್ನ ಇಳಿಸಿಕೊಂಡಿರೋದು ಒಂದೇ ಲ್ಯಾಪ್‌ಟಾಪ್. ನಾಯಕರದ್ದು."

ಕನ್ನಡಕದವಳು ತಲೆಯೆತ್ತಿದಳು. "ಹೌದು! 'ಇದ್ರಲ್ಲಿ ಏನೂ ಇಲ್ಲ, ಯಾರೂ ತಲೆ ಕೆಡಿಸ್ಕೋಬೇಡಿ' ಅಂದ್ರು ಸರ್."

"ಏನೂ ಇಲ್ಲದ ಫೋಟೋದಿಂದ ಅವರಿಗೆ ಹುಸಿ ಬಾವುಟ ಹೇಗೆ ಸಿಕ್ತು, ಭಾವ?" ರಿಪೇರಿಯವನು ಎದ್ದು ನಿಂತ. "ನಿಮಗೆ ಸಿಕ್ಕಿತ್ತು. ನಿಜವಾದ್ದೇ ಅಂದ್ಕೊಂಡ್ರಿ. ನಮಗೆ ಹೇಳದೆ ಅವರಿಗೆ ದಾಟಿಸಿದ್ರಿ. ಅದು ಕೈಕೊಟ್ಟಾಗ ನಾನು ಬೋರ್ಡ್ ಮೇಲೆ ಬರೆದದ್ದನ್ನ ದಾಟಿಸಿದ್ರಿ. ಅವರ ಕಂಪನಿ ನಿಮಗೆ ಯಾವ ಕುರ್ಚಿ ತೋರಿಸ್ತು?"

ಭಾವನ ದನಿ ಇಳಿಯಿತು. "ನಿಮ್ಮಕ್ಕನ ಮುಖ ನೋಡಿಯಾದ್ರೂ ಸುಮ್ನಿರೋ..."

"ನನ್ನನ್ನ ಕಳ್ಳ ಮಾಡುವಾಗ ಆ ಮುಖ ನೆನಪಾಗ್ಲಿಲ್ವಾ?"

ತೀರ್ಪುಗಾರ್ತಿ ನಾಯಕನಿಗೆ ಬಾಗಿಲು ತೋರಿಸಿದಳು. ಎದುರು ತಂಡದ ಹೆಸರಿಗೆ ಅಡ್ಡಗೆರೆ ಎಳೆದಳು. "ಇನ್ನೂ ಒಂದು ಗಂಟೆ ಇದೆ. ಇಬ್ಬರೇ ಆಡ್ತೀರಾ?"

ಕನ್ನಡಕದವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮೊದ್ಲಿಂದ್ಲೂ ಇಬ್ಬರೇ ಆಡ್ತಿದ್ದದ್ದು ಮೇಡಂ," ಎಂದ ಅವನು.