ಫರ್ಹಾ ಹೆಸರಿನ ಮುಂದಿನ ಜಾಗ

ಹೊಸಕೋಟೆಯ ನಮ್ಮ ಬೀದಿಯಲ್ಲೊಂದು ಬೋರ್ಡ್ ಇತ್ತು. ದೇವನಹಳ್ಳಿಯಲ್ಲಿ ಇಳಿಯೋ ವಿಮಾನಗಳ ಪೈಲಟ್‌ಗಳು ಅದನ್ನು ಓದ್ಕೊಂಡೇ ದಾರಿ ಹಿಡೀತಿದ್ರು. ನಂಬದಿದ್ರೆ ನಷ್ಟ ನಿಮ್ಮದೇ!

ಬರೆದವನು ತಬ್ರೇಜ್. ಅವನ ಕುಂಚಕ್ಕಾಗಿ ಮೂರು ಜಿಲ್ಲೆಯ ಅಂಗಡಿಯವರು ಕ್ಯೂ ನಿಲ್ತಿದ್ರು. ಎದುರುಮನೆಯ ಫರ್ಹಾ ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದ ಬೆಳಿಗ್ಗೆಯೇ, ಯಾರನ್ನೂ ಕೇಳದೆ, ಅವಳ ಬಾಗಿಲ ಮೇಲೆ 'ಡಾ. ಫರ್ಹಾ' ಅಂತ ಆ ಬೋರ್ಡ್ ಹೊಡೆದ. ಪ್ರೀತಿ ಹೇಳೋಕೆ ಅವನಿಗೆ ಬರ್ತಿದ್ದದ್ದು ಅದೊಂದೇ ದಾರಿ...

ಏಣಿ ಇಳಿಯೋ ಮುಂಚೆಯೇ ಹೂ ಮಾರೋ ಅಜ್ಜಿ ಅನುಸೂಯಮ್ಮ ಎದೆ ಹಿಡ್ಕೊಂಡು ಬಂದ್ಬಿಟ್ರು. ಆಸ್ಪತ್ರೆಗೆ ಹೊರಟವರು ಬೋರ್ಡ್ ನೋಡಿ ಇತ್ತ ತಿರುಗಿದ್ರಂತೆ.

ಫರ್ಹಾ ಓಡಿ ಬಂದು ನಾಡಿ ಹಿಡಿದಳು. ಬೀದಿಯೆಲ್ಲ ಗದ್ದಲ, ಅವಳ ಬೆರಳು ಮಾತ್ರ ಅಲುಗಲಿಲ್ಲ. ಹೈವೇ ಲಾರಿಗಳೂ ಉಸಿರು ಬಿಗಿಹಿಡಿದವು! ಅಜ್ಜಿಯನ್ನು ಆಟೋದಲ್ಲಿ ಒರಗಿಸಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು.

ತಬ್ರೇಜ್ ಏಣಿಯ ಮೇಲೇ ನಿಂತಿದ್ದ. ಅಂಥದ್ದನ್ನು ಅವನು ಹುಟ್ಟಿದಾಗಿಂದ ನೋಡಿರಲಿಲ್ಲ.

ಸಂಜೆ ಅವಳು ಬೋರ್ಡ್ ಕಿತ್ತುಕೊಂಡು ಅವನ ಅಂಗಡಿಗೆ ಬಂದಳು.

"ಅಜ್ಜಿ ಉಳ್ಕೊಂಡ್ರು. ಇನ್ನು ಸ್ವಲ್ಪ ತಡ ಆಗಿದ್ರೆ ಇಲ್ಲ."

"ನಿಮಗೆ ಖುಷಿ ಆಗ್ಲಿ ಅಂತ..."

"ಹೊರದೇಶದಲ್ಲಿ ಓದಿದೋರು ಇಲ್ಲಿ ಪರೀಕ್ಷೆ ಪಾಸಾಗ್ಬೇಕು, ಇಂಟರ್ನ್‌ಶಿಪ್ ಮುಗಿಸ್ಬೇಕು, ಕೌನ್ಸಿಲ್‌ನಲ್ಲಿ ನೋಂದಣಿ ಆಗ್ಬೇಕು. ಅಲ್ಲೀವರೆಗೆ ಒಂದು ಮಾತ್ರೆನೂ ಬರ್ಕೊಡೋ ಹಾಗಿಲ್ಲ. ನನ್ನನ್ನ ನಕಲಿ ಡಾಕ್ಟರ್ ಮಾಡ್ಬಿಟ್ರಲ್ಲ, ತಬ್ರೇಜ್."

ಅವನು ಹಸಿ ಬಣ್ಣದ 'ಡಾ.' ಒರೆಸಿದ. 'ಫರ್ಹಾ' ಒರೆಸೋಕೆ ಕೈ ಬರಲಿಲ್ಲ.

ಆಮೇಲೆ ಮಾತೇ ನಿಂತಿತು. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ಅವತ್ತು ಅವನ ಅಂಗಡಿ ದಾಟುವಾಗ ಒಳಗಿನ ಗೋಡೆಯಲ್ಲಿ ಅದೇ ಬೋರ್ಡ್ ಕಂಡಿತು. ಹೆಸರಿನ ಮುಂದೆ ಖಾಲಿ ಜಾಗ.

"ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರ?"

"ಆ ಜಾಗ ನಿಮ್ಮದು. ತುಂಬೋದೂ ನೀವೇ."

ಅವಳು ಮತ್ತೆ ಓದಲು ಕೂತಳು. ಪಾಸಾದಳು. ಇಂಟರ್ನ್‌ಶಿಪ್ ಮುಗಿಯಿತು. ನೋಂದಣಿ ಆದ ದಿನ ನೇರ ಅಂಗಡಿಗೆ ಬಂದು ಕುಂಚ ಎತ್ತಿಕೊಂಡಳು.

"ಡಾಕ್ಟರ್ ಕೈಬರಹ ಯಾರಿಗೂ ಓದೋಕಾಗಲ್ಲ. ನನ್ನ ಕೈ ಹಿಡ್ಕೊಳ್ಳಿ."

ಅವನು ಹಿಂಜರಿದ.

"ಆಮೇಲೆ ಬಿಡೋ ಯೋಚನೆ ಇದ್ರೆ ಮಾತ್ರ ಹಿಡೀಬೇಡಿ," ಅಂದಳು.

ಹಿಡಿದ.

ಇಷ್ಟು ಬರೆಯೋ ಹೊತ್ತಿಗೆ ಬೆನ್ನ ಹಿಂದೆ ಯಾರೋ ನಕ್ಕರು. ನನ್ನ ಹೆಂಡತಿ.

"ಪೈಲಟ್‌ಗಳಾ? ರೀ, ಆ ಬೋರ್ಡ್ ಇದ್ದದ್ದೇ ಊಟದ ತಟ್ಟೆಯಷ್ಟು."

ಸರಿ, ಸಿಕ್ಕಿಬಿದ್ದೆ. ತಬ್ರೇಜ್ ನಾನೇ. ಕ್ಯೂ ಯಾವತ್ತೂ ಇರಲಿಲ್ಲ. ಪೈಲಟ್‌ಗಳೂ ಓದಲಿಲ್ಲ. ಅದನ್ನು ದಿನಾ ಓದ್ತಿದ್ದವನು ನಾನೊಬ್ಬನೇ.

"ಬೆರಳು ಅಲುಗಲಿಲ್ಲ ಅನ್ನೋದೂ ಸುಳ್ಳೇ. ಅವತ್ತು ನಡುಗ್ತಿದ್ದೆ," ಅಂದಳು ಫರ್ಹಾ, ಮೆಲ್ಲಗೆ.

"ಅದೊಂದು ಮಾತ್ರ ನಿಜ, ನಿನ್ನ ಬೆರಳು ಅಲುಗಲಿಲ್ಲ. ನಡುಗ್ತಿದ್ದದ್ದು ಏಣಿ. ಮೇಲೆ ನಾನಿದ್ದೆ."